ಗುಂಯ್ ಸದ್ದು ಮೊದಲೇ ತೆಗೆಯಬೇಡಿ: ಹಳೇ ಕ್ಯಾಸೆಟ್ ಸರಿಯಾದ ಶ್ರುತಿಗೆ ಬಂದದ್ದು ಹೀಗೆ

ಹಳೇ ಕ್ಯಾಸೆಟ್ ಕಂಪ್ಯೂಟರಿಗೆ ಇಳಿಸುವವರು ಮೊದಲು ಹಿಂದಿನ ಗುಂಯ್ ಸದ್ದು ಅಳಿಸುತ್ತಾರೆ. ನಾನು ಅದನ್ನು ಕೊನೆಯವರೆಗೂ ಇಟ್ಟುಕೊಳ್ಳುತ್ತೇನೆ. ಅದು ಸೆಕೆಂಡಿಗೆ 50 ಸಲ (50 ಹರ್ಟ್ಸ್) ಮಿಡಿಯುವ ಕರೆಂಟಿನ ಸದ್ದು, ಹಾಡು ಎಷ್ಟು ವೇಗವಾಗಿ ಓಡುತ್ತಿದೆ ಎಂದು ಹೇಳುವ ಸಾಕ್ಷಿ ಅದೊಂದೇ. ಬೆಳಗಾವಿ, ಬಾಗಲಕೋಟೆಯಲ್ಲಿ ಇದೇ ಕೆಲಸ ಮಾಡುವ ಮೂರ್ನಾಲ್ಕು ಮಂದಿ "ಹಂಗೆಲ್ಲ ಆಗೂದಿಲ್ರೀ, ಕಿವಿಲೇ ಹೊಂದಿಸಬೇಕು" ಅಂದಿದ್ದರು. ಮುನ್ನೂರರ ಹತ್ತಿರ ಕ್ಯಾಸೆಟ್ ಮುಗಿದಿವೆ. ಆಗುತ್ತದೆ.

ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ, ಸುಳೇಭಾವಿಯ ಕುಮಾರ ಗಂಧರ್ವರ ದನಿಯನ್ನು ರೆಕಾರ್ಡ್ ಕಂಪನಿಗಳು ಉಳಿಸಿವೆ. ನಮ್ಮ ಕೈಗೆ ಬರುವುದು ಬೇರೆ ಮಾಲು: ಊರಿನ ಪಾರಿಜಾತ, ಸಣ್ಣಾಟ, ಅಮಾವಾಸ್ಯೆ ಭಜನೆ, ಗೀಗೀ ಪದ. ಬ್ಯಾಟರಿ ಟೇಪಿನಲ್ಲಿ ಯಾರೋ ಒಬ್ಬರು ಹಿಡಿದದ್ದು, ಎರಡನೇ ಪ್ರತಿ ಇಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆ ಬಿಟ್ಟು ನವನಗರಕ್ಕೆ ಬಂದ ಮನೆಗಳ ಟ್ರಂಕುಗಳಲ್ಲಿ ಇಂಥವು ಇನ್ನೂ ಸಿಗುತ್ತವೆ. ಸೆಲ್ಲು ಇಳಿದಂತೆ ಮೋಟರು ನಿಧಾನವಾಗಿರುತ್ತದೆ, ಆದ್ದರಿಂದ ಈಗ ಹಚ್ಚಿದರೆ ಹಾಡು ಮೇಲೇರಿ ಓಡುತ್ತದೆ. ಪಾರಿಜಾತದ ಆಟದ ಸತ್ಯಭಾಮೆಯ ದನಿ ಹುಡುಗಿಯ ದನಿಯಾಗುತ್ತದೆ. ಆ ಹಾಡನ್ನು ಕುಂತು ಕೇಳಿದ್ದ ಹಿರಿಯರು ಎರಡು ಸಾಲಿಗೇ "ಇದು ಅವಳ ದನಿ ಅಲ್ಲೋ ತಮ್ಮಾ" ಅಂತಾರೆ. ಸ್ವಚ್ಛ ಇಲ್ಲದಿದ್ದರೂ ಅವರು ಕೇಳುತ್ತಾರೆ, ಶ್ರುತಿ ತಪ್ಪಿದರೆ ಎದ್ದು ಹೋಗುತ್ತಾರೆ.

ಮೊದಲ ನಲವತ್ತು ಕ್ಯಾಸೆಟ್ ಹಾಳಾದದ್ದು ನಾಯ್ಸ್ ರಿಡಕ್ಷನ್‌ನಿಂದ, ಅಂದರೆ ಕಂಪ್ಯೂಟರಿನಲ್ಲಿ ಗದ್ದಲ ಅಳಿಸುವ ಸಾಧನದಿಂದ. 18 ಡೆಸಿಬೆಲ್ ಎಳೆದರೆ ಶ್ ಸದ್ದು ಹೋಗುತ್ತದೆ, ಜೊತೆಗೆ ತಾಳದ ನಾದವೂ ಹೋಗಿ ನೀರಲ್ಲಿ ಮುಳುಗಿಸಿ ಬಾರಿಸಿದಂತೆ ಗುಳುಗುಳು ಉಳಿಯುತ್ತದೆ. ಕ್ಯಾಸೆಟ್ಟಿಗೆ 150ರಂತೆ ಸುಮಾರು 6,000 ರೂಪಾಯಿ ವಾಪಸು ಕೊಡಬೇಕಾಯಿತು. ಈಗ ಹೆಚ್ಚೆಂದರೆ 4 ಡೆಸಿಬೆಲ್, ಭಜನೆಗೆ ಅದೂ ಇಲ್ಲ. ಕ್ಯಾಸೆಟ್ ನುಡಿಸುವ ಹಳೇ ಡೆಕ್ಕಿಗೆ ನಾಲ್ಕೂವರೆ ಸಾವಿರ, ಬೆಲ್ಟು ಮತ್ತು ರಬ್ಬರ್ ರೋಲರ್ ಸೇರಿ ಐದುನೂರರ ಒಳಗೆ, ಸೌಂಡ್ ಕಾರ್ಡಿಗೆ ಆರು ಸಾವಿರದ ಮೇಲೆ ಹೋಗಿದೆ. ರೊಕ್ಕ ಉಳಿಸಬೇಕೆಂದಿದ್ದರೆ ಸೌಂಡ್ ಕಾರ್ಡಿನಲ್ಲಿ ಉಳಿಸಿ, ಡೆಕ್ಕಿನಲ್ಲಿ ಬೇಡ.

ಟೇಪಿನ ಅಂಚಿಗೆ ಬಿಳಿ ಬೂಸ್ಟು ಕಂಡರೆ ಡೆಕ್ಕಿಗೆ ಹಾಕಲೇಬೇಡಿ, ಮುಂದಿನ ಹತ್ತು ಕ್ಯಾಸೆಟ್ಟಿಗೆ ಅದೇ ಅಂಟುತ್ತದೆ. ವಿಜಯಪುರದ ತಗಡಿನ ಮನೆಗಳಿಂದ ಬಂದವುಗಳಲ್ಲಿ ಟೇಪನ್ನು ಹೆಡ್ಡಿಗೆ (ಟೇಪು ಓದುವ ಭಾಗಕ್ಕೆ) ಒತ್ತುವ ಫೆಲ್ಟಿನ ತುಂಡು ಕಾವಿಗೆ ಅಂಟು ಬಿಟ್ಟು ಉದುರಿರುತ್ತದೆ. ಟೇಪು ಸತ್ತಿದೆ ಎಂದು ಎಸೆಯಬೇಡಿ. ಐದು ಸ್ಕ್ರೂ ಇರುವ ಖಾಲಿ ಕ್ಯಾಸೆಟ್ಟಿನ ಚಿಪ್ಪಿಗೆ ಸುರುಳಿ ವರ್ಗಾಯಿಸಿದರೆ ದನಿ ತಿರುಗಿ ಬರುತ್ತದೆ. ಡೆಕ್ಕಿನಲ್ಲಿ ಶ್ ಸದ್ದು ತಗ್ಗಿಸುವ ಡಾಲ್ಬಿ ಗುಂಡಿ ಬಂದ್ ಇರಲಿ.

ಅಜಿಮತ್‌ಗೆ, ಅಂದರೆ ಟೇಪಿಗೆ ಹೆಡ್ಡು ನಿಲ್ಲುವ ಕೋನ ಹೊಂದಿಸಲು, ಕಿವಿ ಸಾಲದು. ಮನೆಯಲ್ಲಿ ಹಿಡಿದದ್ದು ಬಹುತೇಕ ಮೊನೊ. 1.5 ಮಿಲಿಮೀಟರ್ ಅಗಲದ ಒಂದೇ ಪಟ್ಟಿಯನ್ನು ಸ್ಟೀರಿಯೊ ಹೆಡ್ಡು ಎರಡು ಕಡೆ ಓದುತ್ತದೆ. ಒಂದು ಚಾನೆಲ್ ತಲೆಕೆಳಗು ಮಾಡಿ ಇನ್ನೊಂದರೊಡನೆ ಕೂಡಿಸಿ ಕೇಳುತ್ತಾ ಹೆಡ್ಡಿನ ಸ್ಕ್ರೂ ಅರೆಕಾಲು ಸುತ್ತಿನಂತೆ ತಿರುಗಿಸಿ. ಹಾಡು ಎಲ್ಲಿ ಅತಿ ಕ್ಷೀಣವಾಗುತ್ತದೋ ಅದೇ ಜಾಗ. ಆಮೇಲೆ ತಲೆಕೆಳಗು ಮಾಡಿದ್ದನ್ನು ಸರಿಪಡಿಸಿ ಎರಡನ್ನೂ ಕೂಡಿಸಿದರೆ ಶ್ ಸದ್ದು ತಾನೇ ಇಳಿಯುತ್ತದೆ. ಎರಡೂ ಚಾನೆಲ್ಲಿನ ಮಟ್ಟ ಒಂದೇ ಇರಬೇಕು, ಇಲ್ಲದಿದ್ದರೆ ಈ ಪರೀಕ್ಷೆ ಸುಳ್ಳು ಹೇಳುತ್ತದೆ.

ಇನ್ನು ವೇಗ. ನಿಮ್ಮ ಡೆಕ್ಕನ್ನು 3,000 ಹರ್ಟ್ಸ್ ಟೆಸ್ಟ್ ಟೇಪಿನಿಂದ ಮೊದಲೇ ಹೊಂದಿಸಿಕೊಂಡಿರಬೇಕು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತಿಡಿ. ಟೇಪು ನಿಲ್ಲಿಸಿದರೂ ಉಳಿಯುವ ಗುಂಯ್ ಡೆಕ್ಕಿನದು, ನಿಂತು ಹೋಗುವುದು ಟೇಪಿನದು. ನಮಗೆ ಬೇಕಾದದ್ದು ಎರಡನೆಯದು, ಆ ರಾತ್ರಿ ಕರೆಂಟಿನ ಮೇಲೆ ನಡೆದ ಮೈಕಿನ ಆಂಪ್ಲಿಫೈಯರಿನದು. ಆಡಾಸಿಟಿ ಎಂಬ ದನಿ ತಿದ್ದುವ ತಂತ್ರಾಂಶದಲ್ಲಿ ಒಂದು ಪ್ರತಿಯ ಸ್ಯಾಂಪಲ್ ರೇಟ್ 8,000ಕ್ಕೆ ಇಳಿಸಿ, ಹಾಡುವವರು ಉಸಿರು ತೆಗೆದುಕೊಳ್ಳುವ ತಾವು ಹುಡುಕಿ ಸ್ಪೆಕ್ಟ್ರಮ್ (ಯಾವ ಹರ್ಟ್ಸಿನ ಸದ್ದು ಎಷ್ಟಿದೆ ಎಂಬ ಚಿತ್ರ) ನೋಡಿ. ಹತ್ತು ಸೆಕೆಂಡಿನ ತುಣುಕಿಗೆ 65,536ರ ಅಳತೆ ಇಟ್ಟರೆ ಹರ್ಟ್ಸಿನ ಎಂಟನೇ ಒಂದು ಭಾಗದವರೆಗೆ ತಿಳಿಯುತ್ತದೆ. ಸಣ್ಣ ಮೈಕುಗಳು 50 ಹಿಡಿಯುವುದಿಲ್ಲ, ಅದರ ಎರಡು, ಮೂರು ಪಟ್ಟಾದ 100 ಮತ್ತು 150ರ ಹತ್ತಿರ ಹುಡುಕಿ. 150ರ ಗೆರೆ 159ಕ್ಕೆ ನಿಂತಿದ್ದರೆ ಹಾಡು 6% ಮುಂದೆ ಓಡುತ್ತಿದೆ, ಅಂದರೆ ಪೇಟಿಯ (ಹಾರ್ಮೋನಿಯಮ್ಮಿನ) ಕಪ್ಪು ಒಂದರ ಹಾಡು ಪಕ್ಕದ ಮನೆ ಬಿಳಿ ಎರಡಕ್ಕೆ ಏರಿದೆ. ಐದೈದು ನಿಮಿಷಕ್ಕೆ ಅಳೆಯಿರಿ. ಸೆಲ್ಲಿನ ಟೇಪಾದರೆ ಮೊದಲಲ್ಲಿ 152 ಇದ್ದದ್ದು ಕೊನೆಗೆ 160 ದಾಟುತ್ತದೆ. ಪೂರ್ತಿ ಹಾಡಿಗೆ ಒಂದೇ ತಿದ್ದುಪಡಿ ಹಾಕಿ ನಾನು ಆರು ತಿಂಗಳು ಕಳೆದದ್ದು ಇಲ್ಲೇ.

ಒಂದು ತೊಡಕಿದೆ. ತೊಂಬತ್ತರ ದಶಕದಲ್ಲಿ ನಮ್ಮ ಕಡೆಯ ಕರೆಂಟು 50 ನಿಲ್ಲುತ್ತಿರಲಿಲ್ಲ, 48.5ರ ಆಸುಪಾಸಿಗೂ ಇಳಿಯುತ್ತಿತ್ತು. ಅಲ್ಲಿಗೆ 3% ತಪ್ಪು, ಅರ್ಧ ಮನೆ. ಹಾಗಾಗಿ ಗುಂಯ್ ಸದ್ದು ತೋರಿಸಿದ ಜಾಗಕ್ಕೆ ಹತ್ತಿರದ ಪೇಟಿಯ ಮನೆ ಯಾವುದೆಂದು ನೋಡಿ ಅಲ್ಲಿಗೆ ಕೂರಿಸುತ್ತೇನೆ. ಕಪ್ಪು ಒಂದು 277 ಹರ್ಟ್ಸ್, ಕಪ್ಪು ಎರಡು 311. ಹಳೇ ಕಾಲುಪೇಟಿಗಳು ಇದಕ್ಕೆ ಒಂಚೂರು ಆಚೀಚೆ ಇರುತ್ತವೆ, ಅಷ್ಟಕ್ಕೆ ಹಿರಿಯರ ಕಿವಿ ಸಿಟ್ಟಾಗುವುದಿಲ್ಲ. ಜಾತ್ರೆಯಲ್ಲಿ ಜನರೇಟರ್ ಮೇಲೆ ನಡೆದ ಆಟಗಳಲ್ಲಿ ಗುಂಯ್ ಸದ್ದನ್ನು ನಂಬುವ ಹಾಗೇ ಇಲ್ಲ. ಅವಕ್ಕೆ ಬೇರೆ ಯುಕ್ತಿ ಇದೆ, ಅದು ಸದ್ಯ ನನ್ನ ಹತ್ತಿರವೇ ಇರಲಿ.

ಟೈಮು ಉಳಿಸಲು ಜೋಡಿ ಡೆಕ್ಕಿನಲ್ಲಿ ದುಪ್ಪಟ್ಟು ವೇಗದಲ್ಲಿ ಇಳಿಸಿಯೂ ನೋಡಿದೆ. ಡೆಕ್ಕಿನ ಈಕ್ವಲೈಸೇಷನ್ (ಏರು-ತಗ್ಗು ದನಿಗಳ ಹೊಂದಾಣಿಕೆ) ಆ ವೇಗಕ್ಕೆ ಹೊಂದುವುದಿಲ್ಲ, ತಬಲಾದ ಚಾಟಿ ಮೊಂಡಾಯಿತು. ಇಪ್ಪತ್ತು ಕ್ಯಾಸೆಟ್ ತಿರುಗಿ ಇಳಿಸಿದೆ.

ಎಲ್ಲ ಆದ ಮೇಲೆಯೇ 50, 100, 150ರ ಆಸುಪಾಸಿನ ಗುಂಯ್ ಸದ್ದಿಗೆ ಕತ್ತರಿ. ಪ್ರತಿ ಎರಡು ಮಾಡುತ್ತೇನೆ. 24 ಬಿಟ್ಟಿನ ವೇವ್ ಫೈಲು ಮನೆಯವರಿಗೆ. ಎಂಪಿ3 ಇರುವ ಪೆನ್‌ಡ್ರೈವ್ ಕಬ್ಬಿನ ಟ್ರ್ಯಾಕ್ಟರಿನ ಹುಡುಗರಿಗೆ, ಅದರಲ್ಲಿ 80 ಹರ್ಟ್ಸಿನ ಕೆಳಗಿನದೆಲ್ಲ ತೆಗೆದಿರುತ್ತೇನೆ, ಇಲ್ಲದಿದ್ದರೆ ಆ ಸ್ಪೀಕರುಗಳಲ್ಲಿ ಪದ ತಿಳಿಯುವುದಿಲ್ಲ. ಹಂಗಾಮಿನಲ್ಲಿ ಮುಧೋಳ, ಜಮಖಂಡಿ ರಸ್ತೆಯಲ್ಲಿ ಹೊಸ ಡಿಜೆ ಹಾಡುಗಳ ನಡುವೆ ಒಮ್ಮೊಮ್ಮೆ ಈ ಭಜನೆ ಪದಗಳೂ ಕೇಳುತ್ತವೆ. ಈಗ ದರ ಕ್ಯಾಸೆಟ್ಟಿಗೆ 350. ಹಿಂದೆ ಮರಳಿಸಿದ ನಲವತ್ತರಲ್ಲಿ ಮೂವತ್ತೊಂದು ತಿರುಗಿ ಬಂದಿವೆ.