ಲೀಕ್ ಹಿಡಿಯೋ ಕೆಲಸ ರನ್‌ಟೈಮ್‌ಗೇ ಒಪ್ಪಿಸಿದೆ

"ವ್ಯಾಲ್‌ಗ್ರೈಂಡ್ ಇದೆಯಲ್ಲ ಮಾರಾಯ, ಸುಮ್ನೆ ಯಾಕೆ ತಲೆ ಕೆಡಿಸ್ಕೊಳ್ತೀಯ?" ನಮ್ಮ ಕಂಪೈಲರ್‌ನ ರನ್‌ಟೈಮ್ ಲೈಬ್ರರಿಯಲ್ಲೇ (ಪ್ರೋಗ್ರಾಂ ಓಡುವಾಗ ಜೊತೆಗಿರುವ ಕೋಡ್) ಮೆಮೊರಿ ಲೀಕ್, ಅಂದರೆ ಕೇಳಿ ಪಡೆದು ವಾಪಸ್ ಕೊಡದ ಮೆಮೊರಿ, ಹಿಡಿಯುತ್ತೇನೆ ಅಂದಾಗ ಜೊತೆಯವರೆಲ್ಲ ಕೇಳಿದ್ದು ಇದನ್ನೇ. ವ್ಯಾಲ್‌ಗ್ರೈಂಡ್ ಅಂದರೆ ಪ್ರೋಗ್ರಾಂ ಓಡುವಾಗ ಮೆಮೊರಿ ತಪ್ಪುಗಳನ್ನು ಹಿಡಿಯುವ ಉಪಕರಣ, ಒಳ್ಳೆಯದೇ. ಆದರೆ ನಮ್ಮ 12 ನಿಮಿಷದ ಟೆಸ್ಟ್‌ಗಳು ಅದರಡಿ ಹೆಚ್ಚುಕಮ್ಮಿ ನಾಲ್ಕು ಗಂಟೆ ತಗೊಳ್ಳುತ್ತಿದ್ದವು. ಮಷಿನ್ ಬಾಡಿಗೆಯದು, ಗಂಟೆ ಲೆಕ್ಕ. ವಾರಕ್ಕೊಮ್ಮೆ ಓಡಿಸುವುದೂ ದುಬಾರಿಯಾಗಿ, ಕೊನೆಗೆ ಯಾರೂ ಓಡಿಸುತ್ತಲೇ ಇರಲಿಲ್ಲ.

ಕಂಪೈಲರೇ ನಮ್ಮದು ಅಂದಮೇಲೆ ಮೆಮೊರಿ ಕೇಳುವ ಪ್ರತಿ ಅಲೊಕೇಶನ್ ಕರೆಗೂ ಒಂದು ನಂಬರ್ ಅಂಟಿಸಿ ಕಳಿಸಬಹುದು, ಅಲ್ವಾ? ಯಾವ ಫೈಲ್, ಯಾವ ಸಾಲು ಅನ್ನೋದನ್ನ ಆಮೇಲೆ ಟೇಬಲ್ ನೋಡಿ ಹೇಳಿದರಾಯಿತು. ಎರಡು ದಿನದ ಕೆಲಸ ಅಂದುಕೊಂಡೆ. ಮೂರು ತಿಂಗಳು ಹಿಡಿಯಿತು.

ಮೊದಲ ಏಟು ಹೆಡರ್‌ನಿಂದಲೇ, ಅಂದರೆ ಪ್ರತಿ ಬ್ಲಾಕ್‌ನ ಮುಂದೆ ನಾನಿಡುವ ಮಾಹಿತಿಯಿಂದಲೇ, ಬಿತ್ತು. ಸೈಜ್, ಮುಂದಿನ ಬ್ಲಾಕ್‌ನ ಪಾಯಿಂಟರ್ (ಅದರ ವಿಳಾಸ), ಆ ನಂಬರ್ ಸೇರಿಸಿ 24 ಬೈಟ್ ಇಟ್ಟಿದ್ದೆ. ಡೀಬಗ್ ಬಿಲ್ಡ್ ಚೆನ್ನಾಗಿ ಓಡಿತು, ಆಪ್ಟಿಮೈಸ್ ಮಾಡಿದ್ದು ಬಿತ್ತು. ಎರಡು ದಿನ ಆಪ್ಟಿಮೈಸರ್ ಬರೆದವರನ್ನು ಬೈದೆ. ತಪ್ಪು ನನ್ನದೇ: 16 ಬೈಟ್ ಅಲೈನ್‌ಮೆಂಟ್ (ವಿಳಾಸ 16ರ ಗುಣಕವಾಗಿರಬೇಕು ಅನ್ನೋ ನಿಯಮ) ಕೆಡಿಸಿದ್ದೆ, ಅದನ್ನು ನಂಬುವ ಮೊದಲ ಮೂವ್ಆಪ್ಸ್ ಸೂಚನೆಗೇ ಪ್ರೋಗ್ರಾಂ ಸಾಯುತ್ತಿತ್ತು. ಹಿಂದಿನ ಪಾಯಿಂಟರನ್ನೂ ಸೇರಿಸಿ 32 ಮಾಡಿದೆ.

ಸಿ ಲೈಬ್ರರಿಗಳೂ ಸಿಕ್ಕಿಬೀಳಲಿ ಅಂತ, ಮೆಮೊರಿ ಕೇಳುವ ಅವುಗಳ ಮಾಲಾಕ್ ಕರೆಗಳನ್ನೂ ನಾನೇ ಹಿಡಿದಿದ್ದೆ. ವರದಿ ಬರೆಯುವಾಗ ಪ್ರಿಂಟ್‌ಎಫ್ ತನ್ನ ಬಫರ್‌ಗೆ ಮಾಲಾಕ್ ಕೇಳಿತು. ಮಾಲಾಕ್‌ಗೆ ಬೇಕಾದ ಲಾಕ್ ನನ್ನ ಕೈಯಲ್ಲೇ ಇತ್ತು, ಎಲ್ಲಾ ಸ್ತಬ್ಧ. ಈಗ ಒಂದು ಸ್ಟ್ಯಾಟಿಕ್ ಬಫರ್, ನೇರ ರೈಟ್ ಸಿಸ್ಟಂ ಕಾಲ್, ಅಷ್ಟೇ.

ನಿಜವಾದ ತಲೆನೋವು ಇದಾದ ಮೇಲೆ. ಪ್ರೋಗ್ರಾಂ ಮುಗಿಯುವಾಗ ಫ್ರೀ ಆಗದ (ವಾಪಸ್ ಕೊಡದ) ಬ್ಲಾಕ್‌ಗಳನ್ನೆಲ್ಲ ಪಟ್ಟಿ ಮಾಡಿದೆ: ಸುಮಾರು 9 ಸಾವಿರ ಸಾಲು. ಮುಕ್ಕಾಲು ಪಾಲು ಕೊನೆಯವರೆಗೂ ಬೇಕೇ ಬೇಕಾದ ಕ್ಯಾಶ್, ಗ್ಲೋಬಲ್ ಟೇಬಲ್‌ಗಳು. ಅಂಥ ವರದಿಯನ್ನ ಯಾರು ಓದುತ್ತಾರೆ? "ಹೇಳಿರಲಿಲ್ವಾ" ಅನ್ನೋ ಮುಖಗಳನ್ನು ನೋಡಬೇಕಾಯಿತು.

ಆಗ ಎಣಿಸುವುದನ್ನು ಬಿಟ್ಟು ಹುಡುಕಲು ಶುರು ಮಾಡಿದೆ. ಗ್ಲೋಬಲ್‌ಗಳು, ಎಲ್ಲಾ ಥ್ರೆಡ್‌ಗಳ ಸ್ಟ್ಯಾಕ್, ರಿಜಿಸ್ಟರ್, ಥ್ರೆಡ್ ಲೋಕಲ್ ಜಾಗ, ಹೀಗೆ ಪ್ರೋಗ್ರಾಂ ಪಾಯಿಂಟರ್ ಇಟ್ಟುಕೊಳ್ಳುವ ಕಡೆಗಳನ್ನೆಲ್ಲ ಜಾಲಾಡಿ, ಪಾಯಿಂಟರ್ ಥರ ಕಾಣುವ ಮೌಲ್ಯದ ಬೆನ್ನು ಹಿಡಿದು ಹೋಗುವುದು. ಯಾವ ಪಾಯಿಂಟರೂ ತೋರಿಸದ ಬ್ಲಾಕ್ ಮಾತ್ರ ಲೀಕ್. ಎಲ್‌ಎಲ್‌ವಿಎಂ ಅನ್ನೋ ಕಂಪೈಲರ್ ಯೋಜನೆಯ ಲೀಕ್‌ಸ್ಯಾನಿಟೈಸರ್ ಮಾಡುವುದೂ ಇದನ್ನೇ, ನಾನೇನೂ ಹೊಸದು ಕಂಡುಹಿಡಿದಿಲ್ಲ. ಆದರೆ ಒಂದು ಗುಂಡಿಗೆ ನಾನೇ ಬಿದ್ದೆ. ರಿಜಿಸ್ಟರ್‌ಗಳನ್ನು ಸ್ಟ್ಯಾಕ್‌ಗೆ ಇಳಿಸಲು ಸಿ ಭಾಷೆಯ ಸೆಟ್‌ಜಂಪ್ ಫಂಕ್ಷನ್ ಬಳಸಿದ್ದೆ. ಎಕ್ಸ್86-64 ಪ್ರೊಸೆಸರ್‌ನಲ್ಲಿ ಜಿಲಿಬ್‌ಸಿ (ಲಿನಕ್ಸ್‌ನ ಸಿ ಲೈಬ್ರರಿ) ಆರ್‌ಬಿಪಿ ಅನ್ನೋ ರಿಜಿಸ್ಟರನ್ನು ಗೂಢಲಿಪಿ ಮಾಡಿ ಇಡುತ್ತದೆ. ಆರ್‌ಬಿಪಿಯನ್ನು ಫ್ರೇಮ್ ಪಾಯಿಂಟರ್ ಆಗಿ ಬಳಸದ ಬಿಲ್ಡ್‌ನಲ್ಲಿ ಅದರೊಳಗೆ ಬ್ಲಾಕ್‌ನ ಪಾಯಿಂಟರೇ ಕೂತಿರಬಹುದು, ಅದು ನನಗೆ ಕಾಣಲೇ ಇಲ್ಲ. ಬದುಕಿದ್ದ ಬ್ಲಾಕನ್ನ ಲೀಕ್ ಅಂದುಬಿಟ್ಟೆ. ಏಳು ಸಾಲು ಅಸೆಂಬ್ಲಿ ಬರೆದು ಮುಗಿಸಿದೆ.

ಸ್ಟ್ಯಾಕ್‌ನಲ್ಲಿ ಉಳಿದ ಹಳಸಲು ಪಾಯಿಂಟರ್‌ಗಳು ನಿಜವಾದ ಲೀಕನ್ನು ಮುಚ್ಚಿಡುತ್ತವೆ. ಅದಕ್ಕೂ ಒಂದು ಉಪಾಯ ಮಾಡಿದ್ದೇನೆ, ಸದ್ಯಕ್ಕೆ ಅದು ನನ್ನಲ್ಲೇ ಇರಲಿ.

9 ಸಾವಿರ ಸಾಲು 14ಕ್ಕೆ ಇಳಿಯಿತು. ಮೇಲಿನ ಸಾಲೇ ಸಾಕಾಗಿತ್ತು: 48 ಬೈಟ್‌ನ ಬ್ಲಾಕ್, 11 ಸಾವಿರ ಸಲ, ಎಲ್ಲಾ ಒಂದೇ ನಂಬರಿನಿಂದ. ಹೋಗಿ ನೋಡಿದರೆ ಪಾರ್ಸರ್‌ನಲ್ಲಿ ಎರರ್ ಬಂದಾಗ ನಡುವೆಯೇ ರಿಟರ್ನ್. ಫ್ರೀ ಇದ್ದದ್ದು ಅದರ ಕೆಳಗಿನ ಸಾಲಿನಲ್ಲಿ. ಸರ್ವರನ್ನು ದಿನಾ ರಾತ್ರಿ ರೀಸ್ಟಾರ್ಟ್ ಮಾಡುತ್ತಿದ್ದೆವಲ್ಲ, ಕಾರಣ ಇದು! 32 ಜಿಬಿ ಮಷಿನ್ ಬಿಟ್ಟು 8 ಜಿಬಿಗೆ ಬಂದೆವು. ಬಾಡಿಗೆ ಕಾಲು ಭಾಗದ ಹತ್ತಿರ ಇಳಿಯಿತು. ಟೆಸ್ಟ್‌ಗಳು ಈಗ 13-14 ನಿಮಿಷ, ಪ್ರತಿ ಕಮಿಟ್‌ಗೂ ಓಡುತ್ತವೆ.

ನಡುವೆ ಇನ್ನೊಂದು ಆಟ ಆಡಿದೆ. ಮೈಕ್ರೋಸಾಫ್ಟ್‌ನ ಡೀಬಗ್ ಹೀಪ್ ಫ್ರೀ ಆದ ಜಾಗಕ್ಕೆ 0xDD ಅನ್ನೋ ಗುರುತಿನ ಬೈಟ್ ತುಂಬುತ್ತದೆ. ನಾನೂ ತುಂಬಿ ನೋಡಿದೆ. ಫ್ರೀ ಮಾಡಿದ ಮೇಲೂ ಓದುತ್ತಿದ್ದ ಎರಡು ಕಡೆ ಅದೇ ದಿನ ಸಿಕ್ಕವು. ಆದರೆ ದೊಡ್ಡ ಬ್ಲಾಕ್‌ಗಳಲ್ಲಿ ವೇಗ ಬಿತ್ತು, ಅದಕ್ಕೆ 4 ಕೆಬಿಗಿಂತ ಜಾಸ್ತಿ ಇದ್ದರೆ ಮೊದಲ 64 ಬೈಟ್ ಮಾತ್ರ ತುಂಬುತ್ತೇನೆ.

ಒಂದು ಕಡೆ ಇನ್ನೂ ಸೋತಿದ್ದೇನೆ. ನಮ್ಮ ಹ್ಯಾಶ್ ಟೇಬಲ್ ಪಾಯಿಂಟರ್‌ನ ಮೇಲಿನ 16 ಬಿಟ್‌ಗಳಲ್ಲಿ ಟ್ಯಾಗ್ (ತನ್ನದೇ ಗುರುತು) ಇಡುತ್ತದೆ. ನನ್ನ ಹುಡುಕಾಟಕ್ಕೆ ಅದು ಪಾಯಿಂಟರ್ ಅಂತಲೇ ಗೊತ್ತಾಗುವುದಿಲ್ಲ. ಆ ಒಂದು ಫೈಲನ್ನು ಸದ್ಯಕ್ಕೆ ಪಟ್ಟಿಯಿಂದ ಹೊರಗಿಟ್ಟಿದ್ದೇನೆ.