ಕಸೂತಿ ಗೋಪುರ: ಮೊದಲು ನೋಡಬೇಕೋ, ಎಣಿಸಬೇಕೋ?

ನಮ್ಮ ಧಾರವಾಡದ ಮನೆಯಲ್ಲಿ ಕಸೂತಿ ಹಾಕುವವರು ಇಬ್ಬರು, ನಾನು ಮತ್ತು ನನ್ನ ನೆಗೆಣ್ಣಿ. ಆಕೆ ಇಡೀ ಚಿತ್ರವನ್ನು ಒಮ್ಮೆ ಕಣ್ತುಂಬ ನೋಡಿ ಸೂಜಿ ಹಿಡಿಯುತ್ತಾಳೆ. ನನಗೆ ಬಟ್ಟೆಯ ಎಳೆ ಎಣಿಸದೆ ಕೈ ಓಡುವುದಿಲ್ಲ. ಆಕೆಯ ಆನೆಗೆ ಒಂದು ಕಾಲು ಗಿಡ್ಡ. ನನ್ನ ಮೊದಲ ಗೋಪುರದ ಕಥೆ ಇನ್ನೂ ಚೆನ್ನ. ಒಂದು ಬದಿ ಏರಿ, ತುದಿ ಸುತ್ತಿ, ಇನ್ನೊಂದು ಬದಿ ಇಳಿದು ಬುಡಕ್ಕೆ ಬಂದರೆ ಗೆರೆಗೆ ಗೆರೆ ಸೇರಲೇ ಇಲ್ಲ. ಒಂದು ಎಳೆ ಕೆಳಗೆ! ಏರುವಾಗ ಎಲ್ಲೋ ಒಂದು ಹೊಲಿಗೆಗೆ 4 ಎಳೆ ಬದಲು 3 ಹಿಡಿದಿದ್ದೆ. ಉಳಿದದ್ದೆಲ್ಲ ಸರಿಯಾಗೇ ಇತ್ತು, ಅದಕ್ಕೇ ತಪ್ಪು ಕಾಣಲಿಲ್ಲ. ಎರಡು ದಿನದ ಕೆಲಸ ಬಿಚ್ಚಿದೆ.

ಕಸೂತಿಯಲ್ಲಿ ಬಟ್ಟೆ ಮೇಲೆ ಗೆರೆ ಬರೆದುಕೊಳ್ಳುವ ಹಾಗಿಲ್ಲ, ಗಂಟು ಹಾಕುವ ಹಾಗೂ ಇಲ್ಲ. ಗವಂತಿ ಅನ್ನುವ ಕಸೂತಿ ಹೊಲಿಗೆಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಬರುವಾಗ ಬಿಟ್ಟ ಜಾಗ ತುಂಬಬೇಕು. ಎರಡೂ ಮಗ್ಗುಲು ಒಂದೇ ಥರ ಕಾಣಬೇಕು. ಇದಕ್ಕೆ ನೆಗೆಣ್ಣಿಯ ಕಣ್ಣೂ ಬೇಕು, ನನ್ನ ಎಣಿಕೆಯೂ ಬೇಕು. ಆದರೆ ಒಟ್ಟಿಗೇ ಅಲ್ಲ.

ದಾರ ಪೋಣಿಸುವ ಮೊದಲು ಮಾದರಿಯನ್ನು ಒಂದು ಮೊಳ ದೂರ ಹಿಡಿದು ನೋಡಿ. ಗೆರೆ ಗುಂಟ ಬೆರಳು ಆಡಿಸಿ. ಟಿಸಿಲು ಸಿಕ್ಕರೆ ಒಳಗೆ ಹೋಗಿ ವಾಪಸ್ ಬನ್ನಿ. ಒಂದಕ್ಕೊಂದು ತಾಗಿದ ಗೆರೆ ಎಷ್ಟೇ ಸುತ್ತಿಕೊಂಡಿದ್ದರೂ ದಾರ ಹೊರಟಲ್ಲಿಗೇ ಮರಳುತ್ತದೆ, ಹೆದರಬೇಡಿ. ಹುಡುಕಬೇಕಾದ್ದು ಯಾವುದಕ್ಕೂ ತಾಗದೆ ನಡುವೆ ಕೂತ ಚೌಕವನ್ನು. ಅದಕ್ಕೆ ಬೇರೆ ದಾರವೇ ಬೇಕು. ನನ್ನಂಥವರಿಗೆ ಅದು ಕಾಣುವುದೇ ಅರ್ಧ ಮುಗಿದ ಮೇಲೆ ಬಿಡಿ.

ಸೂಜಿ ಹಿಡಿದ ಮೇಲೆ ಗೋಪುರ ಮರೆತುಬಿಡಿ. ನಾಲ್ಕೆಳೆ, ನಾಲ್ಕೆಳೆ, ಅಷ್ಟೇ. ಚಿತ್ರ ನೋಡಿ ಹೋಗುವವರು ಬಾಯಿಬಿಟ್ಟು ಎಣಿಸಬೇಕು. ನೆಗೆಣ್ಣಿಗೆ ಇದನ್ನು ಹೇಳಿದರೆ ಸಿಟ್ಟು ಬರುತ್ತದೆ, ಆದರೆ ಈಗ ಆನೆ ನೆಟ್ಟಗೆ ನಿಲ್ಲುತ್ತಿದೆ.

ಎಣಿಸುವವರು ಗೋಪುರದ ಪ್ರತಿ ಮೆಟ್ಟಿಲಿಗೂ ನಿಲ್ಲಬೇಕು. ಬಟ್ಟೆ ತಿರುಗಿಸಿ. ಹೋಗುವ ದಾರಿಯಲ್ಲಿ, ಮುಂದೆ ಖಾಲಿ ಇದ್ದಲ್ಲಿ ಹಿಂದೆ ದಾರ ಇರಬೇಕು. ಇನ್ನೊಂದು ಬದಿ ಇಳಿಯುವಾಗ ಒಂದೇ ಅಡ್ಡ ಎಳೆಯ ಮೇಲೆ ಉಗುರು ಜರುಗಿಸಿ. ಎಡದ ಮೆಟ್ಟಿಲೂ ಬಲದ ಮೆಟ್ಟಿಲೂ ಅದೇ ಎಳೆಗೆ ಕೂತಿರಬೇಕು. ಇಲ್ಲದಿದ್ದರೆ ಅಲ್ಲೇ ಬಿಚ್ಚಿ, ಆಮೇಲೆ ನೋಡೋಣ ಅನ್ನಬೇಡಿ.

ಮೊದಲ ಸಲಕ್ಕೆ ಇಳಕಲ್ ಸೀರೆ ಬೇಡ. ಮ್ಯಾಟಿ ಬಟ್ಟೆ ತನ್ನಿ, ಎಳೆ ಬರಿಗಣ್ಣಿಗೆ ಕಾಣುತ್ತದೆ. ದಾರದ ಮೇಲೆ ದಾರ ಅಡ್ಡ ಹಾಯಿಸುವ ಮೆಂತೆ ಹೊಲಿಗೆಯೂ ಸದ್ಯಕ್ಕೆ ಬೇಡ. ದಾರ ಜಾಸ್ತಿ ನುಂಗುತ್ತದೆ, ಹಿಂದುಗಡೆ ಒಂದೇ ಥರ ಬರುವುದೂ ಇಲ್ಲ.