ಚಳಿಗಾಲದ ಪಾಠಕ್ಕೆ ಕೊಬ್ಬರಿ ಎಣ್ಣೆ

3–5ನೇ ತರಗತಿ ಮಕ್ಕಳಿಂದ ಈ ಪ್ರಯೋಗ ಈ ಚಳಿಯಲ್ಲೇ ಮಾಡಿಸಿ. ಒಂದು ಗಾಜಿನ ಲೋಟಕ್ಕೆ 4 ಚಮಚ ಕೊಬ್ಬರಿ ಎಣ್ಣೆ, ಇನ್ನೊಂದಕ್ಕೆ ಅಷ್ಟೇ ಕಡಲೆಕಾಯಿ ಎಣ್ಣೆ ಹಾಕಿ ರಾತ್ರಿ ಕಿಟಕಿ ಬಳಿ ಇಡಿ. ಥರ್ಮಾಮೀಟರನ್ನು ಆಗಲೇ ಎಣ್ಣೆಯೊಳಗೆ ಇಟ್ಟುಬಿಡಿ, ಗಟ್ಟಿಯಾದ ಮೇಲೆ ಚುಚ್ಚಿದರೆ ಗಾಜು ಒಡೆಯುತ್ತದೆ. ಜ್ವರ ನೋಡುವ ಥರ್ಮಾಮೀಟರ್ ಆಗದು, ಅದು ಇಷ್ಟು ಕಡಿಮೆ ಉಷ್ಣತೆ ತೋರಿಸುವುದಿಲ್ಲ.

ಬೆಳಿಗ್ಗೆ ಕೊಬ್ಬರಿ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ, ಕಡಲೆಕಾಯಿ ಎಣ್ಣೆ ಹಾಗೇ ಇರುತ್ತದೆ. ಕೊಬ್ಬರಿ ಎಣ್ಣೆಯ ಲೋಟವನ್ನು ಉಗುರುಬೆಚ್ಚಗಿನ ನೀರಲ್ಲಿಟ್ಟು ಮಕ್ಕಳು ನಿಮಿಷಕ್ಕೊಮ್ಮೆ ಉಷ್ಣತೆ ಬರೆದುಕೊಳ್ಳಲಿ. ಸುಮಾರು 24–25 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಬಿಸಿನೀರು ಬೇಡ, ಗಮನಿಸುವಷ್ಟರಲ್ಲಿ ಕರಗಿಹೋಗುತ್ತದೆ.

ನನಗೆ ಇಷ್ಟವಾದ ಭಾಗ ಇದು: ಹೆಪ್ಪಿನ ತುಂಡೊಂದನ್ನು ಕರಗಿದ ಎಣ್ಣೆಗೆ ಹಾಕಿಸಿ. ಮುಳುಗುತ್ತದೆ! ಮಂಜುಗಡ್ಡೆ ನೀರಲ್ಲಿ ತೇಲುತ್ತದಲ್ಲ, ಯಾಕೆ ಎಂದು ಮಕ್ಕಳೇ ಕೇಳುತ್ತಾರೆ. ನೀರು ಗಟ್ಟಿಯಾದಾಗ ಹಿಗ್ಗುತ್ತದೆ, ಎಣ್ಣೆ ಕುಗ್ಗುತ್ತದೆ. ಶುದ್ಧ ಎಣ್ಣೆಯನ್ನೇ ಬಳಸಿ, ಬೇರೆ ಎಣ್ಣೆ ಬೆರೆಸಿದ ತಲೆಯೆಣ್ಣೆ ಸರಿಯಾಗಿ ಹೆಪ್ಪಾಗುವುದಿಲ್ಲ.